ಫೋಟೊದ ಅಂಚು ಕತ್ತರಿಸಬೇಡಿ

ಇಟಲಿಯ ಹಳೆಯ ರೇಸ್ ಕಾರುಗಳ ಚಿತ್ರಗಳನ್ನು ಜೋಪಾನವಾಗಿ ಇಟ್ಟುಕೊಂಡಿರುವ ಎಲ್ಲ ಅಭಿಮಾನಿಗಳಿಗೆ,



ಅಪ್ಪ ಕ್ಯಾಮೆರಾ ಹಿಡಿದು ಮೊಂಜಾ ಟ್ರ್ಯಾಕಿಗೆ ಹೋಗಿದ್ದರು, ಅಜ್ಜ ಬ್ರೆಷಿಯಾದ ರಸ್ತೆ ಬದಿಯಲ್ಲಿ ನಿಂತು ನೋಡಿದ್ದರು ಎನ್ನುತ್ತ ನೀವು ಒಬ್ಬರಿಗೊಬ್ಬರು ತೋರಿಸಿಕೊಳ್ಳುವ ಚಿತ್ರಗಳನ್ನು ನಾನು ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಆ ಕಾರುಗಳ ಸದ್ದನ್ನು ನಾನು ಕೇಳಿದವನಲ್ಲ. ನನಗೆ ಗೊತ್ತಿರುವುದೆಲ್ಲ ನಿಮ್ಮ ಕಪಾಟುಗಳಿಂದ ಬಂದದ್ದು. ಆ ಋಣದ ಮೇಲೆಯೇ ಒಂದು ಕೋರಿಕೆ ಇಡುತ್ತಿದ್ದೇನೆ.

ನನ್ನ ಮೇಜಿನ ಮೇಲೆ ಒಂದು ಕಪ್ಪು-ಬಿಳುಪು ಪ್ರಿಂಟ್ ಇದೆ. ಹಳೆಯ ಪುಸ್ತಕಗಳ ಜೊತೆ ಕೈಗೆ ಬಂದದ್ದು. ತಂತಿ ಕಡ್ಡಿಯ ಚಕ್ರಗಳ ಕಾರು, ಹಿಂಭಾಗದ ಹೊದಿಕೆ ಬಿಚ್ಚಿಟ್ಟಿದ್ದಾರೆ, ಎಂಜಿನ್ ಪೂರ್ತಿ ಕಾಣುತ್ತದೆ. ಪಕ್ಕದಲ್ಲಿ ಅಂಗಿಯ ತೋಳು ಮಡಚಿದ ಮೆಕ್ಯಾನಿಕ್ ಒಬ್ಬ ಮೊಣಕಾಲೂರಿ ಕೂತಿದ್ದಾನೆ. ಬಿಚ್ಚಿದ ಸ್ಪಾರ್ಕ್ ಪ್ಲಗ್‌ಗಳನ್ನು ಒಂದು ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿದ್ದಾನೆ. ಒಂದನ್ನು ಕಣ್ಣಿಗೆ ಹತ್ತಿರ ಹಿಡಿದು ಅದರ ತುದಿಯ ಮಸಿ ನೋಡುತ್ತಿದ್ದಾನೆ. ಚಿತ್ರದ ಹಿಂದೆ ಪೆನ್ಸಿಲಿನಲ್ಲಿ ಬರೆದಿರುವುದು ಒಂದೇ ಪದ, ಫೆರಾರಿ.

ಅದು 1961ರ ಫೆರಾರಿ 156 ಎಂದು ನನ್ನ ನಂಬಿಕೆ. ಮೂತಿಯಲ್ಲಿ ಎರಡು ಹೊಳ್ಳೆಗಳಿದ್ದ, ಶಾರ್ಕ್ ಮೂತಿ ಎಂದೇ ಹೆಸರಾದ ಕಾರು. ಎಂಜಿನಿಯರ್ ಕಾರ್ಲೊ ಕಿಟಿಯ ಕಾಲದ್ದು, ಒಂದೂವರೆ ಲೀಟರಿನ ಆರು ಸಿಲಿಂಡರ್ ಎಂಜಿನ್ ಚಾಲಕನ ಬೆನ್ನ ಹಿಂದೆ. ಆ ವರ್ಷ ಅದನ್ನು ಹಿಡಿಯಬಲ್ಲವರು ಅಪರೂಪ. ಜಾಂಕಾರ್ಲೊ ಬಾಗೆಟ್ಟಿ ಎಂಬ ಹೊಸಬ ಫ್ರಾನ್ಸಿನ ರೀಮ್ಸ್‌ನಲ್ಲಿ ತನ್ನ ಮೊದಲ ಚಾಂಪಿಯನ್‌ಷಿಪ್ ರೇಸನ್ನೇ ಗೆದ್ದದ್ದು ಇದರಲ್ಲಿ. ಸೆಪ್ಟೆಂಬರ್ 10ರಂದು ಮೊಂಜಾದಲ್ಲಿ ವೋಲ್ಫ್‌ಗಾಂಗ್ ಫಾನ್ ಟ್ರಿಪ್ಸ್ ಸತ್ತದ್ದೂ ಇದರಲ್ಲೇ, ಹಲವು ಪ್ರೇಕ್ಷಕರೂ ಅವನೊಡನೆ ಹೋದರು. ಅದೇ ರೇಸ್ ಗೆದ್ದ ಜೊತೆಗಾರ ಫಿಲ್ ಹಿಲ್ ಒಂದೇ ಒಂದು ಅಂಕದ ಅಂತರದಲ್ಲಿ ವಿಶ್ವ ಚಾಂಪಿಯನ್ ಆದ.

ಆ ಕಾರುಗಳಲ್ಲಿ ಇಂದು ಒಂದೂ ಉಳಿದಿಲ್ಲ. ಸರದಿ ಮುಗಿದ ರೇಸ್ ಕಾರು ಆಗ ಕಾರ್ಖಾನೆಯವರಿಗೆ ಗುಜರಿ ಸಾಮಾನು. ಫೆರಾರಿಯವರೇ ಎಲ್ಲವನ್ನೂ ಒಡೆದು ಹಾಕಿದರು. ಗಾಯಕ ಕ್ರಿಸ್ ರಿಯಾ 1996ರ ತನ್ನ ‘ಲಾ ಪಾಸಿಯೊನೆ’ ಸಿನಿಮಾಕ್ಕೆ ಶಾರ್ಕ್ ಮೂತಿ ಬೇಕೆಂದಾಗ ಪ್ರತಿಕೃತಿಯನ್ನೇ ಕಟ್ಟಿಸಬೇಕಾಯಿತು. ವಿಶ್ವವನ್ನೇ ಗೆದ್ದ ಕಾರು ಹೋಯಿತು, ಯಾರೋ ಬೇಲಿಯ ಪಕ್ಕ ನಿಂತು ತೆಗೆದ ಅಂಗೈಯಗಲದ ಕಾಗದ ಉಳಿಯಿತು. ಈ ವಿಪರ್ಯಾಸವನ್ನು ನೆನೆದಾಗಲೆಲ್ಲ ನಿಮ್ಮ ಆಲ್ಬಮ್ಮುಗಳು ನನಗೆ ಬೇರೆಯದೇ ತೂಕದವಾಗಿ ಕಾಣುತ್ತವೆ.

ಮತ್ತೆ ನನ್ನ ಪ್ರಿಂಟಿಗೆ ಬರುತ್ತೇನೆ. ಚಿತ್ರದ ಮೂಲೆಯಲ್ಲಿ ಇನ್ನೊಂದು ಕಾರಿನ ಬಾಲ ಕಾಣುತ್ತದೆ, ಅದರ ಬಣ್ಣ ಗಾಢವಾಗಿದೆ. ಮೆಕ್ಯಾನಿಕ್ ಮುಂದಿರುವ ಕಾರು ತುಸು ತಿಳಿ. 1961ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಮೊದಲ ನಾಲ್ಕೂ ಸ್ಥಾನ ಫೆರಾರಿಗೇ ಬಂದವು. ನಾಲ್ಕನೆಯವನಾದ ಒಲಿವಿಯೆ ಜಾಂಡೆಬಿಯೆನ್‌ನ ಕಾರು ಕೆಂಪಾಗಿರಲಿಲ್ಲ, ಅವನ ದೇಶವಾದ ಬೆಲ್ಜಿಯಂನ ಬಣ್ಣ ಹಳದಿಯಲ್ಲಿತ್ತು. ನನ್ನ ಬಳಿ ಇರುವುದು ಆ ಹಳದಿ ಕಾರೇ? ನಂಬರ್ ಕಾಣುತ್ತಿದ್ದರೆ ಒಂದು ಕ್ಷಣದ ಕೆಲಸ. ಬಾಲದ ನಂಬರು ಬಿಚ್ಚಿಟ್ಟ ಹೊದಿಕೆಯ ಜೊತೆ ಹೋಗಿದೆ. ಮೂತಿಯ ನಂಬರನ್ನು, ಚಿತ್ರವನ್ನು ಚೌಕಟ್ಟಿಗೆ ಕೂರಿಸಲು ಯಾರೋ ಮೂತಿಯ ಸಮೇತ ಕತ್ತರಿಸಿದ್ದಾರೆ. ಕತ್ತರಿ ಆಡಿದ ಅಂಚು ನೇರವಾಗಿಯೂ ಇಲ್ಲ.

ದಯವಿಟ್ಟು ಅಂಚು ಕತ್ತರಿಸಬೇಡಿ. ನನ್ನ ಕೋರಿಕೆ ಇಷ್ಟೇ.

ಕಾರು ಚೆನ್ನಾಗಿ ಕಾಣಲೆಂದು ನೀವು ಪಕ್ಕದ ಜನರನ್ನು ತೆಗೆಯುತ್ತೀರಿ, ಗೋಡೆಯನ್ನು ತೆಗೆಯುತ್ತೀರಿ. ಸಿಸಿಲಿಯ ತಾರ್ಗಾ ಫ್ಲೋರಿಯೊ ರೇಸಿನ ಚಿತ್ರಗಳಲ್ಲಿ ಆ ಗೋಡೆಗಳೇ ಮಾತಾಡುತ್ತವೆ. ನೀನೊ ವಕ್ಕರೆಲ್ಲಾ ಪಲೆರ್ಮೊದಲ್ಲಿ ಶಾಲೆ ನಡೆಸುತ್ತಿದ್ದವನು. 1965, 1971, 1975, ಮೂರು ಸಲ ತನ್ನ ಊರಿನ ಬೆಟ್ಟದ ರಸ್ತೆಗಳಲ್ಲೇ ಗೆದ್ದ. ನೀನೊಗೆ ಜಯವಾಗಲಿ ಎಂದು ಹಳ್ಳಿಯವರು ದಾರಿಯ ಗೋಡೆಗಳ ಮೇಲೆ ಬಳಿದ ಬಣ್ಣ ಆ ಚಿತ್ರಗಳಲ್ಲಿ ಇದೆ. ಕಾರನ್ನಷ್ಟೇ ಉಳಿಸಿಕೊಂಡರೆ ಆ ಪ್ರೀತಿ ಎಲ್ಲಿ ಕಾಣಬೇಕು?

ಮಿಲ್ಲೆ ಮಿಲ್ಯಾ ರೇಸಿನ ವಿಷಯ ಇನ್ನೂ ಭಾರದ್ದು. ಬ್ರೆಷಿಯಾದಿಂದ ಹೊರಟು ರೋಮ್ ಮುಟ್ಟಿ ಮರಳುವ ಸುಮಾರು 1,600 ಕಿಲೊಮೀಟರು, ಎಲ್ಲವೂ ಊರು ಕೇರಿಯ ರಸ್ತೆ. ಅಲ್ಲಿ ಕಾರಿನ ನಂಬರೇ ಹೊರಟ ಹೊತ್ತು. 531 ಎಂದರೆ ಬೆಳಗಿನ 5 ಗಂಟೆ 31 ನಿಮಿಷ. 1957ರ ಮೇ 12ರಂದು ಆ ನಂಬರ್ ಹೊತ್ತು ಹೊರಟದ್ದು ಅಲ್ಫೊನ್ಸೊ ದೆ ಪೊರ್ತಾಗೊನ ಫೆರಾರಿ. ರೋಮ್‌ನಲ್ಲಿ ನಟಿ ಲಿಂಡಾ ಕ್ರಿಶ್ಚಿಯನ್ ಅವನಿಗೆ ಮುತ್ತಿಡುತ್ತಿರುವ ಚಿತ್ರ ನಿಮ್ಮೆಲ್ಲರ ಬಳಿಯೂ ಇದೆ. ಬ್ರೆಷಿಯಾ ಹತ್ತಿರವಾಗುತ್ತಿದ್ದಾಗ ಗ್ವಿದಿಜ್ಜೊಲೊ ಬಳಿ ಟೈರು ಸಿಡಿದು ಕಾರು ಜನರ ಮೇಲೆ ಹೋಯಿತು. ಪೊರ್ತಾಗೊ, ಜೊತೆಗಿದ್ದ ಎಡ್ಮಂಡ್ ನೆಲ್ಸನ್, ನೋಡಲು ನಿಂತಿದ್ದ ಒಂಬತ್ತು ಮಂದಿ ಸತ್ತರು. ಒಂಬತ್ತರಲ್ಲಿ ಐವರು ಮಕ್ಕಳು. ವೇಗದ ಆ ರೇಸ್ ಅಲ್ಲಿಗೇ ಮುಗಿಯಿತು.

ಮುತ್ತಿನ ಚಿತ್ರ ಎಲ್ಲರಿಗೂ ಗೊತ್ತು. ಅದಕ್ಕಿಂತ ನನ್ನನ್ನು ಕಾಡುವುದು ಹಿಂದಿನ ವರ್ಷಗಳ ಸಾಮಾನ್ಯ ಚಿತ್ರಗಳು. ರಸ್ತೆಯ ಅಂಚಿಗೇ ಒತ್ತಿ ನಿಂತ ಹೆಂಗಸರು, ಅಪ್ಪನ ಹೆಗಲೇರಿದ ಮಗು, ನಡುವೆ ಒಂದು ಹಗ್ಗವೂ ಇಲ್ಲ. ಅಷ್ಟು ಹತ್ತಿರ ನಿಲ್ಲುವುದು ಹಬ್ಬದ ಸಂಭ್ರಮವಾಗಿತ್ತು, ಸಾವು ಬಂದದ್ದೂ ಆ ಹತ್ತಿರದಿಂದಲೇ. ಆ ಮಗುವನ್ನು ಅಂಚಿನಿಂದ ಕತ್ತರಿಸಿ ಎಸೆಯುವ ಹಕ್ಕು ನಮಗಿದೆ ಎಂದು ನನಗನಿಸುವುದಿಲ್ಲ.

ಕಾರುಗಳ ಬೆಲೆ ನಿಮಗೆ ನಾನು ಹೇಳಬೇಕಿಲ್ಲ. ಕೇವಲ 36 ತಯಾರಾದ ಫೆರಾರಿ 250 ಜಿಟಿಒಗಳಲ್ಲಿ ಒಂದು 2018ರ ಹರಾಜಿನಲ್ಲಿ 4 ಕೋಟಿ 84 ಲಕ್ಷ ಡಾಲರಿಗೆ ಹೋಯಿತು. ಇಷ್ಟು ಬೆಲೆಯ ವಸ್ತುವನ್ನು ಮತ್ತೆ ಮತ್ತೆ ಬಿಚ್ಚುತ್ತಾರೆ, ಹೊಸ ತಗಡು ಬಡಿಯುತ್ತಾರೆ, ಹೊಸ ಕೆಂಪು ಬಳಿಯುತ್ತಾರೆ. ಅದು ಒಂದು ಭಾನುವಾರ ಮಧ್ಯಾಹ್ನ ನಿಜಕ್ಕೂ ಹೇಗಿತ್ತು, ಯಾವ ಮಗ್ಗುಲಲ್ಲಿ ನೆಗ್ಗಿತ್ತು, ಎಷ್ಟು ರಿವೆಟ್ ಕಿತ್ತುಬಂದಿತ್ತು ಎಂಬುದಕ್ಕೆ ಸಾಕ್ಷಿ ನಿಮ್ಮ ಮನೆಯಲ್ಲಿದೆ.

ಸ್ಕ್ಯಾನ್ ಮಾಡುವಾಗ ಹಿಂಬದಿಯನ್ನೂ ಮಾಡಿ. ಮಸುಕಾದ ಪೆನ್ಸಿಲ್ ಬರಹವನ್ನು ಅಳಿಸಬೇಡಿ, ನೆಗೆಟಿವ್ ಎಸೆಯಬೇಡಿ. ಅಂದು ಅಲ್ಲಿದ್ದವರು ಇನ್ನೂ ಇದ್ದರೆ ಇವತ್ತೇ ಹತ್ತಿರ ಕೂತು ಕೇಳಿ. ಆ ಕಾಲದ ಹಲವು ರೇಸ್ ಎಂಜಿನ್‌ಗಳಿಗೆ ಹರಳೆಣ್ಣೆಯಿಂದ ಮಾಡಿದ ಆಯಿಲ್ ಹಾಕುತ್ತಿದ್ದರು. ಸುಟ್ಟ ಹರಳೆಣ್ಣೆಯ ವಾಸನೆ ಯಾವ ಫೋಟೊದಲ್ಲೂ ಇಲ್ಲ, ಅವರ ನೆನಪಿನಲ್ಲಿ ಮಾತ್ರ ಇದೆ.

ಇನ್ನೊಂದು ಮಾತು. ನನ್ನ ಪ್ರಿಂಟಿನ ಮೆಕ್ಯಾನಿಕ್‌ಗೆ ಮೂವತ್ತರ ಆಸುಪಾಸು ಇರಬಹುದು. ಕೂದಲು ಹಿಂದಕ್ಕೆ ಬಾಚಿದ್ದಾನೆ, ಎಡಗೈಯಲ್ಲಿ ಉಂಗುರವಿದೆ, ಪ್ಲಗ್ ಹಿಡಿದ ಬೆರಳುಗಳು ಕಪ್ಪಾಗಿವೆ. ಚಾಲಕರ ಹೆಸರುಗಳೆಲ್ಲ ನನಗೆ ಬಾಯಿಪಾಠ, ಇವನ ಹೆಸರು ಗೊತ್ತಿಲ್ಲ. ನಿಮ್ಮ ಆಲ್ಬಮ್ಮಿನ ಯಾವುದಾದರೂ ಚಿತ್ರದ ಮೂಲೆಯಲ್ಲಿ ಇಂಥವನೊಬ್ಬ ಬಟ್ಟೆಯ ಮೇಲೆ ಪ್ಲಗ್ ಜೋಡಿಸುತ್ತ ಕೂತಿದ್ದರೆ, ಹಿಂಬದಿ ತಿರುಗಿಸಿ ಏನು ಬರೆದಿದೆ ಎಂದು ನೋಡಿ ತಿಳಿಸಿ.

ನಿಮ್ಮ ವಿಶ್ವಾಸಿ,
ದೂರದ ಒಬ್ಬ ಅಭಿಮಾನಿ