ಕೋಣನ ಮುಂದೆ ಚೀನೀ ಕಿನ್ನರಿ

ಕುಸನೂರಿನ ನಮ್ಮ ಮಾಳಿಗೆ ಮೇಲೆ ಕೂತು ಎರಡು ವರ್ಷದಿಂದ ಚೀನೀ ಭಾಷೆ ಕಲಿಯುತ್ತಿದ್ದೇನೆ. ಚಹಾ ಕೇಳುವಷ್ಟು ಬಂತು ಅನ್ನುವಾಗಲೇ ‘ಛೆಂಗ್‌ಯು’ಗಳು ಎದುರಾದವು. ಹೆಚ್ಚಿನವು ನಾಲ್ಕೇ ಅಕ್ಷರದ ನುಡಿಗಟ್ಟು. ಎಷ್ಟೋ ಸಲ ಹೊಟ್ಟೆಯೊಳಗೆ ಒಂದು ಹಳೇ ಕಥೆ. ಹಾವು ಬರೆದು ಅದಕ್ಕೆ ಕಾಲು ಹಚ್ಚಿದವನ ಕಥೆ ಓದಿದಾಗ ನನ್ನ ಉತ್ತರಪತ್ರಿಕೆಯೇ ಕಣ್ಣಿಗೆ ಬಂತು. ಪ್ರಬಂಧಕ್ಕೆ ಮತ್ತೆ ಬೇರೆ ಮಡಿಬಟ್ಟೆ: ಆಡುಮಾತಿನ ‘ದಾನ್‌ಶೃ’ ಅಲ್ಲಿ ‘ರಾನ್‌ಅರ್’ ಆಗಬೇಕು. ಎರಡೂ ‘ಆದರೆ’ಯೇ!

ನಿನ್ನೆ ಸಿಕ್ಕಿದ್ದು ‘ದುಯ್ ನ್ಯೂ ಥಾನ್ ಛಿನ್’. ಗೊಂಗ್‌ಮಿಂಗ್ ಯೀ ಎಂಬಾತ ಹಸುವಿನ ಮುಂದೆ ತಂತಿವಾದ್ಯ ನುಡಿಸಿದನಂತೆ. ಅದು ಮೇಯುತ್ತಲೇ ಇತ್ತಂತೆ. ಅರೆ, ನಮ್ಮ ಕೋಣ, ನಮ್ಮ ಕಿನ್ನರಿ! ಖುಷಿಗೆ ಅಡುಗೆಮನೆಗೆ ಓಡಿ, ಮೊದಲ ಅಕ್ಷರಕ್ಕೆ ದನಿ ಇಳಿಸಿ, ಉಳಿದ ಮೂರಕ್ಕೂ ಏರಿಸಿ ಹೇಳಿದೆ. ಅವ್ವನ ರೊಟ್ಟಿ ಬಡಿಯುವ ಕೈ ನಿಲ್ಲಲಿಲ್ಲ.

“ಗಂಟಲ್ದಾಗ ಏನಾರ ಸಿಕ್ಕದೇನಪಾ? ನೀರು ಕುಡಿ.”

ಕುಡಿದೆ.