ಮಹಡಿಯ ಜನರೇಟರು, ನೆಲಮಾಳಿಗೆಯ ಪಂಪು

2012ರ ಅಕ್ಟೋಬರ್ 29ರ ರಾತ್ರಿ. ಸ್ಯಾಂಡಿ ಚಂಡಮಾರುತದ ನೀರು ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಗೆ ನುಗ್ಗಿತ್ತು. ಜನರೇಟರು 13ನೇ ಮಹಡಿಯಲ್ಲಿ. ಅದಕ್ಕೆ ಎಣ್ಣೆ ಏರಿಸುವ ಪಂಪು ನೆಲಮಾಳಿಗೆಯಲ್ಲಿ. ಯಂತ್ರಗಳಿಗೆ ಬಾಯಿದ್ದಿದ್ದರೆ ಮಾತು ಹೀಗೆ ಸಾಗುತ್ತಿತ್ತು.

“ಎಣ್ಣೆ ಕಳಿಸಯ್ಯಾ!” ಜನರೇಟರು ಗುಡುಗಿತು.

“ಕುತ್ತಿಗೆಮಟ್ಟ ನೀರು, ಸ್ವಾಮಿ.”

“ಪ್ರವಾಹಕ್ಕೆ ಹೆದರಿಯೇ ತಾನೆ ನನ್ನನ್ನು ಇಷ್ಟೆತ್ತರಕ್ಕೆ ಏರಿಸಿದ್ದು?”

“ನಿಮ್ಮನ್ನು ಏರಿಸಿದರು. ನನ್ನ ನೆನಪು ಯಾರಿಗೂ ಬರಲಿಲ್ಲ.”

“2001ರಲ್ಲಿ ಹ್ಯೂಸ್ಟನ್ನಿನ ಆಸ್ಪತ್ರೆಗಳ ನೆಲಮಾಳಿಗೆ ಮುಳುಗಿದ್ದನ್ನು ಇವರು ಓದಿರಲಿಲ್ಲವೇ?”

“ಓದಿರುತ್ತಾರೆ. ಆ ವರದಿಯೂ ಇಲ್ಲೇ ಎಲ್ಲೋ ತೇಲುತ್ತಿರಬೇಕು.”

“ಹೋದ ವರ್ಷ ಐರೀನ್ ಚಂಡಮಾರುತ ಬಂದಾಗ ಪಕ್ಕದ ಎನ್‌ವೈಯು ಆಸ್ಪತ್ರೆಯವರು ಮೊದಲೇ ರೋಗಿಗಳನ್ನು ಸಾಗಿಸಿದ್ದರಲ್ಲ?”

“ಐರೀನ್ ಮೆತ್ತಗಾಯಿತು. ಈ ಸಲ ಎಲ್ಲರ ಧೈರ್ಯ ಗಟ್ಟಿಯಾಯಿತು.”

ಅದೇ ರಾತ್ರಿ ಆ ಪಕ್ಕದವರು ಸುಮಾರು 300 ರೋಗಿಗಳನ್ನು ಕತ್ತಲ ಮೆಟ್ಟಿಲಲ್ಲಿ ಇಳಿಸಿದರು. ಉಸಿರಾಟದ ಯಂತ್ರ ನಿಂತಿದ್ದ ಹಸುಗೂಸುಗಳಿಗೆ ದಾದಿಯರು ಕೈಯಿಂದಲೇ ಗಾಳಿ ಒತ್ತುತ್ತ 9 ಮಹಡಿ ಇಳಿದರು. ಯೋಜನೆ ಕೈಕೊಟ್ಟಲ್ಲಿ ಕೈಗಳೇ ಯೋಜನೆಯಾದವು ಅನ್ನಿ. ಬೆಲ್‌ವ್ಯೂನಲ್ಲೂ ಸಿಬ್ಬಂದಿ, ನ್ಯಾಷನಲ್ ಗಾರ್ಡ್ ಯೋಧರು ಸಾಲುಗಟ್ಟಿ ನಿಂತು ಎಣ್ಣೆಯ ಡಬ್ಬಗಳನ್ನು ಕೈಯಿಂದ ಕೈಗೆ ದಾಟಿಸಿ 13 ಮಹಡಿ ಏರಿಸಿದರು.

ಆದರೂ ಸಾಲಲಿಲ್ಲ. ಅಲ್ಲಿಂದಲೂ 700ಕ್ಕೂ ಹೆಚ್ಚು ರೋಗಿಗಳು ಹೊರಡಬೇಕಾಯಿತು.

“ಅಷ್ಟು ಜನಕ್ಕೆ ಹಾಸಿಗೆ ಎಲ್ಲಿದೆ?”

“ಊರಿನ ಉಳಿದ ಆಸ್ಪತ್ರೆಗಳಲ್ಲಿ. ಅವೂ ಮೊದಲೇ ತುಂಬಿವೆ, ಒತ್ತರಿಸಿಕೊಳ್ಳಲಿ. ಮುಂದಿನ ಸಲ ನನಗೂ ಮೇಲೊಂದು ಜಾಗ ಕೊಡಿಸಿ, ಸ್ವಾಮಿ.”

“ಫೈಲು ಮೇಲೆ ಬರಬೇಕಲ್ಲಯ್ಯಾ! ಲಿಫ್ಟ್ ಕೆಟ್ಟಿದೆ.”