ಉತ್ತರವಯೋಗೃಹಮೀಮಾಂಸೆ: ಪರ್ಯುಷಿತ, ಸಂಚಯ ಮತ್ತು ಮಾರ್ಜಾಲಗಳ ಕುರಿತು ಕೆಲವು ತಾತ್ವಿಕ ನೆಲೆಗಳು

ಕನ್ನಡದ ಸಂಶೋಧನಾಲೋಕವು ಶಾಸನಗಳ ಅಕ್ಷರಸ್ಖಾಲಿತ್ಯದಿಂದ ಹಿಡಿದು ಆಧುನಿಕೋತ್ತರ ಸಂಕಥನಗಳ ಯಜಮಾನಿಕೆಯವರೆಗೆ ಯಾವುದನ್ನೂ ಬಿಡದೆ ಗೋಷ್ಠಿಗಳನ್ನು ನಡೆಸಿ, ಗೋಷ್ಠಿಗೊಂದು ಸಂಪುಟವನ್ನು ತಂದು, ಸಂಪುಟಕ್ಕೊಂದು ಬಿಡುಗಡೆ ಸಮಾರಂಭವನ್ನೂ ಏರ್ಪಡಿಸಿಕೊಂಡಿದ್ದರೂ, ಅರವತ್ತು ದಾಟಿದ ದಂಪತಿಗಳ ಮನೆಯಲ್ಲಿ ಬೆಳಗಿನ ಹುಳಿಯು ರಾತ್ರಿಯ ಹೊತ್ತಿಗೆ ಏನಾಗುತ್ತದೆ ಎಂಬ ಮೂಲಭೂತ ಪ್ರಶ್ನೆಯನ್ನು ಇದುವರೆಗೆ ಸೈದ್ಧಾಂತಿಕ ಚೌಕಟ್ಟಿನೊಳಗಿಟ್ಟು ಪರಿಶೀಲಿಸಿಲ್ಲವೆಂಬುದು ಖೇದದ ಸಂಗತಿಯಾಗಿದೆ. (ಇದುವರೆಗೆ ಯಾರೂ ಪರಿಶೀಲಿಸಿಲ್ಲ ಎಂದು ಹೇಳದೆ ಮಹಾಪ್ರಬಂಧವನ್ನು ಆರಂಭಿಸಲು ವಿಶ್ವವಿದ್ಯಾಲಯದ ನಿಯಮಗಳಲ್ಲಿ ಅವಕಾಶವಿದ್ದಂತೆ ತೋರುವುದಿಲ್ಲ.) ಆ ಕೊರತೆಯನ್ನು ತುಂಬುವುದೇ ಪ್ರಸ್ತುತ ಮೀಮಾಂಸೆಯ ಉದ್ದೇಶ. ಇದರ ವ್ಯಾಪ್ತಿಯು ಮೈಸೂರು, ಬೆಂಗಳೂರುಗಳ ಹಳೆಯ ಬಡಾವಣೆಗಳಲ್ಲಿ, ಮಕ್ಕಳು ಬೇರೆ ಊರಿಗೋ ಬೇರೆ ಖಂಡಕ್ಕೋ ಹೋದ ಮೇಲೆ ಇಬ್ಬರೇ ಉಳಿದುಕೊಂಡಿರುವ ಮನೆಗಳಿಗೆ ಸೀಮಿತವಾಗಿದೆ. ಇದರ ಮಿತಿಯು ಅಡುಗೆಮನೆಯ ಹೊಸ್ತಿಲು, ಏಕೆಂದರೆ ಅಡುಗೆ ಒಲೆಯ ಮೇಲಿರುವಾಗ ಸಂಶೋಧಕರನ್ನು ಅದರಾಚೆಗೆ ಬಿಟ್ಟುಕೊಳ್ಳುವ ಪದ್ಧತಿ ಅಲ್ಲಿಲ್ಲ.

ಉತ್ತರವಯಸ್ಸು ಎಂದರೇನು ಎಂಬ ಪರಿಭಾಷೆಯ ತೊಡಕನ್ನು ಮೊದಲು ಬಿಡಿಸಿಕೊಳ್ಳಬೇಕು. ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಗೆ ಸಂಬಂಧಿಸಿದ 2007ರ ಕಾಯ್ದೆಯ ಪ್ರಕಾರ ಅರವತ್ತು ತುಂಬಿದವರು ಹಿರಿಯ ನಾಗರಿಕರು. ರಾಜ್ಯ ಸರ್ಕಾರದ ನೌಕರನೂ ಅರವತ್ತಕ್ಕೇ ನಿವೃತ್ತನಾಗುತ್ತಾನೆ. ಆದ್ದರಿಂದ ಕಚೇರಿಗೆ ಹೋಗುತ್ತಿದ್ದ ಗೃಹಸ್ಥನ ಉತ್ತರವಯಸ್ಸು ಒಂದು ನಿರ್ದಿಷ್ಟ ತಿಂಗಳ ಕೊನೆಯ ದಿನದ ಸಂಜೆ, ಶಾಲು, ಗಂಧದ ಹಾರ ಮತ್ತು ಒಂದು ಗೋಡೆಗಡಿಯಾರದೊಂದಿಗೆ ಆರಂಭವಾಗುತ್ತದೆಯೆಂದು ನಿಖರವಾಗಿ ಹೇಳಬಹುದು. ಗೃಹಿಣಿಯ ವಿಷಯದಲ್ಲಿ ಅಂಥ ಗೆರೆಯನ್ನು ಎಳೆಯಲು ನಡೆದ ಪ್ರಯತ್ನಗಳು ಫಲ ಕೊಟ್ಟಿಲ್ಲ. ಗಂಡ ನಿವೃತ್ತನಾದ ಮರುದಿನ ಅವಳ ಕೆಲಸದಲ್ಲಿ ಕಂಡುಬರುವ ಒಂದೇ ವ್ಯತ್ಯಾಸವೆಂದರೆ, ಬೆಳಿಗ್ಗೆ ಹನ್ನೊಂದಕ್ಕೆ ಇನ್ನೊಂದು ಲೋಟ ಕಾಫಿ ಮತ್ತು ಒಗ್ಗರಣೆಯ ಮೇಲೆ ಇನ್ನೊಬ್ಬರ ಮೇಲ್ವಿಚಾರಣೆ. ಇವೆರಡೂ ಹೆಚ್ಚುವರಿಯಾಗಿ ಸೇರ್ಪಡೆಯಾದ ಹೊರೆಗಳೇ ಆಗಿರುವುದರಿಂದ ನಿವೃತ್ತಿ ಎಂಬ ಪರಿಕಲ್ಪನೆಯು ಏಕಪಕ್ಷೀಯವೆಂದು ಇಲ್ಲಿ ತಾತ್ಕಾಲಿಕವಾಗಿ ನಿರ್ಣಯಿಸಿ, ಪ್ರಮೇಯಕ್ಕೆ ಬರಲಾಗುವುದು.

ಪ್ರಥಮ ಪ್ರಮೇಯವು ಪರ್ಯುಷಿತ, ಅರ್ಥಾತ್ ತಂಗಳು. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯವು ಪರ್ಯುಷಿತವನ್ನು ತಾಮಸರಿಗೆ ಪ್ರಿಯವಾದ ಆಹಾರಗಳ ಪಟ್ಟಿಯಲ್ಲಿ ಸೇರಿಸಿದೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವು ಅನ್ನಭೋಗವನ್ನು ವಿಸ್ತಾರವಾಗಿ ವರ್ಣಿಸುತ್ತದೆ. ಚಾವುಂಡರಾಯನ ಲೋಕೋಪಕಾರದಲ್ಲೂ ಸೂಪಶಾಸ್ತ್ರಕ್ಕೆ ಸ್ಥಾನವುಂಟು. ಮೂರನೆಯ ಮಂಗರಸನಂತೂ ಅಡುಗೆಯನ್ನೇ ವಸ್ತುವಾಗಿಟ್ಟುಕೊಂಡು ವಾರ್ಧಕ ಷಟ್ಪದಿಯಲ್ಲಿ ಸೂಪಶಾಸ್ತ್ರವೆಂಬ ಗ್ರಂಥವನ್ನೇ ಬರೆದ. ಇಷ್ಟೆಲ್ಲ ಇದ್ದರೂ ನಿನ್ನೆಯ ಹುಳಿಗೆ ಸಲ್ಲಬೇಕಾದ ಶಾಸ್ತ್ರೀಯ ಗೌರವ ಸಂದಿಲ್ಲವೆಂಬ ಅಸಮಾಧಾನ ಈ ಮೀಮಾಂಸೆಗಿದೆ. ಅರಸನ ಮನೆಯಲ್ಲಿ ಉಳಿದದ್ದನ್ನು ತಿನ್ನಲು ಬೇರೆಯವರಿದ್ದರು. ಇಬ್ಬರೇ ಇರುವ ಮನೆಯಲ್ಲಿ ಅವರಿಬ್ಬರೇ ತಿನ್ನಬೇಕು.

ನಾಲ್ಕು ಜನಕ್ಕೆ ಮಾಡಿ ಅಭ್ಯಾಸವಾದ ಕೈಗೆ ಇಬ್ಬರ ಅಳತೆ ಒಗ್ಗುವುದಿಲ್ಲ ಎಂಬುದು ಪರ್ಯುಷಿತದ ನಿಮಿತ್ತಕಾರಣ. ಮಕ್ಕಳು ಮನೆ ಬಿಟ್ಟು ಹದಿನೈದು ವರ್ಷವಾದರೂ ಅಕ್ಕಿಯ ಪಾವು ಡಬ್ಬಿಯಿಂದ ಹಳೆಯ ಲೆಕ್ಕದಲ್ಲೇ ಮೇಲೆ ಬರುತ್ತದೆ. ಹೀಗೆ ಉತ್ಪನ್ನವಾದ ಪರ್ಯುಷಿತವನ್ನು ಏಳು ವಿಧವಾಗಿ ವಿಂಗಡಿಸಬೇಕು. ಮೊದಲನೆಯದು ರೂಪಾಂತರಿತ, ರಾತ್ರಿಯ ಅನ್ನವು ಬೆಳಿಗ್ಗೆ ಚಿತ್ರಾನ್ನವಾಗುವುದು, ಮಿಕ್ಕ ಇಡ್ಲಿಯನ್ನು ಪುಡಿಮಾಡಿ ಉಪ್ಪಿಟ್ಟು ಮಾಡುವುದು ಮತ್ತು ಹುಳಿ ಬಂದ ದೋಸೆಹಿಟ್ಟು ಈರುಳ್ಳಿ, ಹಸಿಮೆಣಸಿನಕಾಯಿಗಳನ್ನು ಸೇರಿಸಿಕೊಂಡು ಗುಳಿಗಳಲ್ಲಿ ಪಡ್ಡಾಗಿ ಮರುಹುಟ್ಟು ಪಡೆಯುವುದು ಇದಕ್ಕೆ ಉದಾಹರಣೆ. ಎರಡನೆಯದು ಘನೀಭವಿತ, ಬೆಳಗಿನ ಹುಳಿಯನ್ನು ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ, ಮರುದಿನ ಮತ್ತೊಮ್ಮೆ ಕುದಿಸುತ್ತ ಹೋದಂತೆ ನೀರು ಹೋಗಿ, ಬೇಳೆ ಕರಗಿ, ತಳದಲ್ಲಿ ಉಳಿಯುವ ಆ ಗಟ್ಟಿ ಪದಾರ್ಥವನ್ನು ಮೊಸರನ್ನದ ಅಂಚಿಗೆ ಹಚ್ಚಿಕೊಂಡು ಉಂಡವರು ಹೊಸ ಹುಳಿಯನ್ನು ಹೊಗಳುವುದಿಲ್ಲ. ಮೂರನೆಯದು ಸಂಲೀನ, ಪಲ್ಯವು ಅಕ್ಕಿರೊಟ್ಟಿಯ ಹಿಟ್ಟಿನೊಳಗೆ ಸೇರಿ ತನ್ನ ಅನನ್ಯತೆಯನ್ನು ಕಳೆದುಕೊಳ್ಳುವ ಸ್ಥಿತಿಯಿದು. ನಾಲ್ಕನೆಯದು ಅನಿರ್ಣೀತ, ಫ್ರಿಜ್ಜಿನ ಹಿಂಬದಿಯಲ್ಲಿ ತಟ್ಟೆ ಮುಚ್ಚಿದ ಸಣ್ಣ ಸ್ಟೀಲ್ ಬಟ್ಟಲೊಂದು ಇರುತ್ತದೆ, ಅದರೊಳಗೆ ಏನಿದೆಯೆಂಬುದು ಇಬ್ಬರಿಗೂ ಗೊತ್ತಿರುವುದಿಲ್ಲ, ಇಬ್ಬರೂ ತೆಗೆದು ನೋಡುವುದಿಲ್ಲ.

ಈ ಪ್ರಮೇಯದಲ್ಲಿ ಪೂರ್ವಪಕ್ಷ ಮತ್ತು ಸಿದ್ಧಾಂತಗಳು ಊಟದ ಹೊತ್ತಿಗೆ ಪ್ರತಿದಿನ ಮಂಡನೆಯಾಗುತ್ತವೆ. “ಇದು ನಿನ್ನೇದಲ್ವೇನೇ?” ಎಂಬುದು ಗೃಹಸ್ಥನ ಪೂರ್ವಪಕ್ಷ. “ಈಗ ತಾನೇ ಕುದ್ಸಿದ್ದು ಕಣ್ರೀ” ಎಂಬುದು ಸಿದ್ಧಾಂತ. ಪದಾರ್ಥದ ಕಾಲವನ್ನು ಅದರ ಉತ್ಪತ್ತಿಯಿಂದ ಎಣಿಸಬೇಕೋ ಕಡೆಯ ಕುದಿಯಿಂದ ಎಣಿಸಬೇಕೋ ಎಂಬ ಈ ಜಟಿಲ ಪ್ರಶ್ನೆಯನ್ನು ಇಷ್ಟು ಕಡಿಮೆ ಮಾತಿನಲ್ಲಿ ಪರಿಹರಿಸಿದ ಇನ್ನೊಂದು ದರ್ಶನ ಭಾರತದಲ್ಲಿ ಸಿಗುವುದು ಕಷ್ಟ. ವಿಂಗಡಣೆಯ ಉಳಿದ ಮೂರು ವಿಧಗಳನ್ನು ಇಲ್ಲಿ ಕೈಬಿಡಲಾಗಿದೆ. ಏಳು ಎಂದು ಘೋಷಿಸಿದ್ದು ಸಂಖ್ಯೆಗೆ ಗಾಂಭೀರ್ಯವಿರಲೆಂದಷ್ಟೆ. ವಿದ್ವತ್‌ಗ್ರಂಥಗಳಲ್ಲಿ ಬಹಳಷ್ಟು ವಿಂಗಡಣೆಗಳು ಇದಕ್ಕಿಂತ ಹೆಚ್ಚಿನ ಕಾರಣದಿಂದ ಹುಟ್ಟಿಲ್ಲ.

ದ್ವಿತೀಯ ಪ್ರಮೇಯವು ಸಂಚಯ, ಎಂದರೆ ಮುಂದೆಂದಾದರೂ ಬೇಕಾದೀತೆಂದು ತೆಗೆದಿಡುವ ಕ್ರಿಯೆ. ಹಾಲಿನ ಕವರನ್ನು ಮೂಲೆ ಕತ್ತರಿಸಿ, ಬಗ್ಗಿಸಿ, ಒಂದು ಹನಿಯೂ ಉಳಿಯದಂತೆ ನೀರು ಹಾಕಿ ಕುಲುಕಿ, ತೊಳೆದು, ಕಿಟಕಿಯ ಸರಳಿಗೆ ಒಣಹಾಕುವುದು ಇದರ ನಿತ್ಯಕರ್ಮ. ಹೀರೆಕಾಯಿಯ ಸಿಪ್ಪೆಯಿಂದ ಚಟ್ನಿ, ಕಲ್ಲಂಗಡಿಯ ಬಿಳಿಭಾಗದಿಂದ ದೋಸೆ, ಹಲಸಿನ ಬೀಜದಿಂದ ಸಾರು, ಅಕ್ಕಿ ತೊಳೆದ ನೀರಿನಿಂದ ಕರಿಬೇವಿನ ಗಿಡ, ಇವು ನೈಮಿತ್ತಿಕಗಳು. ಲಗ್ನಪತ್ರಿಕೆಯ ಖಾಲಿ ಬದಿಯಲ್ಲಿ ದಿನಸಿ ಚೀಟಿಯನ್ನು ಬರೆಯುವುದರಿಂದ, ಯಾರ ಮದುವೆಗೋ ಚಿನ್ನದ ಅಕ್ಷರಗಳಲ್ಲಿ ಬಂದ ಆಮಂತ್ರಣವು ತೊಗರಿಬೇಳೆ ಎರಡು ಕೆ.ಜಿ., ರವೆ ಒಂದು ಕೆ.ಜಿ. ಎಂಬಲ್ಲಿಗೆ ಸಾರ್ಥಕ್ಯ ಪಡೆಯುತ್ತದೆ. ತಾಂಬೂಲದ ಚೀಲಗಳ ಸಂಗ್ರಹವು ಪ್ರತ್ಯೇಕ ಸಂಪುಟವನ್ನು ಬೇಡುವಷ್ಟು ವಿಪುಲವಾಗಿದ್ದು, ಅವುಗಳ ಮೇಲೆ ಅಚ್ಚಾದ ವಧೂವರರ ಹೆಸರುಗಳಿಂದ ಒಂದು ಕುಟುಂಬದ ನೆಂಟಸ್ತಿಕೆಯ ಇತಿಹಾಸವನ್ನು ಶಾಸನಗಳಿಗಿಂತ ಹೆಚ್ಚು ಖಚಿತವಾಗಿ ಕಟ್ಟಬಹುದು. ಆ ಪೈಕಿ ಕೆಲವು ಜೋಡಿಗಳು ಬೇರೆಯಾಗಿದ್ದರೂ ಚೀಲಗಳು ಗಟ್ಟಿಯಾಗಿಯೇ ಇರುತ್ತವೆ.

ವಸ್ತ್ರಕ್ಕೆ ಈ ಮನೆಗಳಲ್ಲಿ ಅವಸ್ಥಾಚತುಷ್ಟಯವುಂಟು. ಪಂಚೆಯು ಅಂಚು ಹರಿದ ಮೇಲೆ ಮೈ ಒರೆಸುವ ಬಟ್ಟೆಯಾಗಿ, ಅಲ್ಲಿಂದ ಒಲೆಯ ಮೇಲಿನ ಪಾತ್ರೆಯನ್ನು ಹಿಡಿದಿಳಿಸುವ ಮಸಿಬಟ್ಟೆಯಾಗಿ, ಅಲ್ಲಿಂದ ನೆಲ ಒರೆಸುವ ಬಟ್ಟೆಯಾಗಿ, ತುರೀಯಾವಸ್ಥೆಯಲ್ಲಿ ಬೆಕ್ಕಿನ ಹಾಸಿಗೆಯಾಗುತ್ತದೆ. ಕರ್ನಾಟಕ ಸರ್ಕಾರವು ಪ್ಲಾಸ್ಟಿಕ್ ಕೈಚೀಲಗಳನ್ನು 2016ರಲ್ಲಿ ನಿಷೇಧಿಸಿತು. ಬಟ್ಟೆಯ ಚೀಲವಿಲ್ಲದೆ ಮನೆ ಬಿಟ್ಟು ಹೊರಡದ ಈ ಗೃಹಿಣಿಗೆ ಸುಸ್ಥಿರ ಜೀವನಶೈಲಿಯ ಬಗ್ಗೆ ಶಿಬಿರ ನಡೆಸಿ, ಹವಾನಿಯಂತ್ರಿತ ಸಭಾಂಗಣದಲ್ಲಿ ಬಾಟಲಿ ನೀರನ್ನು ಇಟ್ಟುಕೊಂಡು, ಮರುಬಳಕೆಯ ಮಹತ್ವವನ್ನು ಚಿತ್ರಗಳ ಮೂಲಕ ವಿವರಿಸಿ, ಕೊನೆಗೆ ಸಂಸ್ಥೆಯ ಹೆಸರಿರುವ ಚೀಲವೊಂದನ್ನು ಕೊಟ್ಟು ಕಳಿಸುವ ಪರಿಪಾಠವೂ ಬೆಳೆದಿದೆ. ಆ ಚೀಲವನ್ನು ಅವಳು ತಾಂಬೂಲದ ಚೀಲಗಳ ಜೊತೆಗೆ ಮಡಿಸಿಡುತ್ತಾಳೆ.

ಸಂಚಯದ ಗೂಢಶಾಖೆಯು ಸಾಸಿವೆ ಡಬ್ಬಿ. ತರಕಾರಿಯವನ ಬಳಿ ಚೌಕಾಸಿ ಮಾಡಿ ಉಳಿಸಿದ್ದು, ಹಳೆಯ ಪೇಪರು ಮಾರಿ ಬಂದದ್ದು, ಹಬ್ಬಕ್ಕೆ ತವರಿನಿಂದ ಅರಿಸಿನ ಕುಂಕುಮಕ್ಕೆಂದು ಕೈಸೇರಿದ್ದು ಇವೆಲ್ಲ ಆ ಡಬ್ಬಿಯ ತಳದಲ್ಲಿ ಯಾವ ಲೆಕ್ಕಪುಸ್ತಕಕ್ಕೂ ಸಿಗದೆ ಕೂಡಿಬೀಳುತ್ತವೆ, ಮತ್ತು ಆಸ್ಪತ್ರೆಯ ಮುಂಗಡ ಕಟ್ಟಬೇಕಾದ ರಾತ್ರಿ ಒಂದೇ ಸಲಕ್ಕೆ ಹೊರಬರುತ್ತವೆ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದಾಗ, ಗಂಡನಿಗೂ ಮಕ್ಕಳಿಗೂ ತಿಳಿಯದ ಈ ದುಡ್ಡನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಎಲ್ಲರೆದುರು ಎಣಿಸಬೇಕಾಯಿತು. ಕಪ್ಪುಹಣವೆಂಬ ಪದಕ್ಕೆ ಅರ್ಥಶಾಸ್ತ್ರಜ್ಞರು ಕೊಡುವ ಯಾವ ವ್ಯಾಖ್ಯೆಯಲ್ಲೂ ಸಾಸಿವೆಯ ಘಮಲು ಇರುವುದಿಲ್ಲ. ಆದರೂ ಮುಚ್ಚಿಟ್ಟ ತಪ್ಪಿಗೆ ತಲೆ ತಗ್ಗಿಸಿ ನಿಂತವರಲ್ಲಿ ಅವಳೂ ಇದ್ದಳು.

ತೃತೀಯ ಪ್ರಮೇಯವಾದ ಮಾರ್ಜಾಲಕ್ಕೆ ಶಾಸ್ತ್ರಾಧಾರ ಗಟ್ಟಿಯಾಗಿದೆ. ಶರಣಾಗತಿಯ ಸ್ವರೂಪವನ್ನು ಚರ್ಚಿಸುವಾಗ ಶ್ರೀವೈಷ್ಣವರಲ್ಲಿ ವಡಗಲೆಯವರು ಮರ್ಕಟಕಿಶೋರ ನ್ಯಾಯವನ್ನೂ ತೆಂಗಲೆಯವರು ಮಾರ್ಜಾಲಕಿಶೋರ ನ್ಯಾಯವನ್ನೂ ಮುಂದಿಡುತ್ತಾರೆ. ಮರಿಕೋತಿಯು ತಾಯನ್ನು ತಾನೇ ಬಿಗಿಯಾಗಿ ಹಿಡಿದುಕೊಳ್ಳಬೇಕು, ಬೆಕ್ಕಿನ ಮರಿಯನ್ನಾದರೋ ತಾಯಿಯೇ ಕಚ್ಚಿಕೊಂಡು ಒಯ್ಯುತ್ತದೆ. ಉತ್ತರವಯಸ್ಸಿನ ಗೃಹಸ್ಥನು ಕನ್ನಡಕ, ಮಾತ್ರೆ, ಒಗೆದ ಬನಿಯನ್ನುಗಳ ವಿಷಯದಲ್ಲಿ ಯಾವ ಪ್ರಯತ್ನವನ್ನೂ ಮಾಡದೆ, ಇದ್ದಲ್ಲಿಂದಲೇ ಕೂಗುತ್ತ, ಎರಡನೆಯ ನ್ಯಾಯಕ್ಕೆ ಪೂರ್ಣವಾಗಿ ಒಳಪಟ್ಟಿರುವುದು ಕಂಡುಬರುತ್ತದೆ. ಅವನು ಯಾವ ಮತದವನಾದರೂ ಇದರಲ್ಲಿ ವ್ಯತ್ಯಾಸವಿಲ್ಲ.

ಬೆಕ್ಕನ್ನು ಈ ಮನೆಗಳಲ್ಲಿ ಯಾರೂ ಸಾಕುವುದಿಲ್ಲ. ಅದು ಬರುತ್ತದೆ. ಹಿತ್ತಲ ಹಳೆಯ ಪಾತ್ರೆಗಳ ಹಿಂದೆ ಮರಿ ಹಾಕುತ್ತದೆ, ಏಳು ಮನೆ ಸುತ್ತಿಸಿ ಮರಳಿ ತರುತ್ತದೆ, ಮತ್ತು ಒಂದು ದಿನ ಗೃಹಸ್ಥನು ಪೇಪರು ಓದುವ ಕುರ್ಚಿಯಲ್ಲಿ ಮಲಗಿರುತ್ತದೆ. ಅದನ್ನು ಎಬ್ಬಿಸಬಾರದೆಂಬ ನಿಯಮ ಯಾವಾಗ ಜಾರಿಗೆ ಬಂತೆಂಬುದಕ್ಕೆ ದಾಖಲೆಯಿಲ್ಲ. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಜೀರ್ಣವಾಗುವುದಿಲ್ಲವೆಂದು ಪಶುವೈದ್ಯರು ಹೇಳುತ್ತಾರೆ. ಆದರೆ ಬೆಕ್ಕು ಮತ್ತು ಹಾಲಿನ ಸಂಬಂಧವನ್ನು ಗಾದೆಗಳಿಂದ ಕಲಿತವರು ಆ ಮಾತಿಗೆ ಕಿವಿಗೊಡದೆ ತಟ್ಟೆಯನ್ನು ಇಡುತ್ತಾರೆ. ಸಸ್ಯಾಹಾರಿಗಳ ಮನೆಯಲ್ಲಿ ಅದು ಮೊಸರನ್ನವನ್ನು ಮರ್ಯಾದೆಗೆಂದು ಮೂಸಿ, ಎರಡು ತುತ್ತು ತಿಂದು, ಉಳಿದ ಹಸಿವಿಗೆ ಕಾಂಪೌಂಡಿನಾಚೆ ವ್ಯವಸ್ಥೆ ಮಾಡಿಕೊಂಡು ಬಂದು ಬಾಯಿ ಒರೆಸಿಕೊಳ್ಳುತ್ತದೆ. ಎಲ್ಲಿಗೆ ಹೋಗಿತ್ತೆಂದು ಮನೆಯವರು ಕೇಳುವುದಿಲ್ಲ. ವಿದೇಶದ ಮಗನು ಭಾನುವಾರದ ವಿಡಿಯೋ ಕರೆಯಲ್ಲಿ ತಾಯಿಯ ಸಕ್ಕರೆಯ ಮಟ್ಟವನ್ನು ಕೇಳುವುದಕ್ಕೆ ಮೊದಲು “ಬೆಕ್ಕು ತೋರ್ಸಮ್ಮ” ಎನ್ನುವುದು ಎಲ್ಲೆಡೆ ಕಂಡುಬರುವ ವಿದ್ಯಮಾನ, ಇದರ ವ್ಯಾಖ್ಯಾನವನ್ನು ಮುಂದಿನ ಸಂಶೋಧಕರಿಗೆ ಬಿಡಲಾಗಿದೆ.

ಚತುರ್ಥ ಪ್ರಮೇಯಕ್ಕೆ ‘ಸಕ್ರಿಯ ವೃದ್ಧಾಪ್ಯದ ಬಹು ಆಯಾಮಗಳು’ ಎಂದು ಹೆಸರಿಡಲು ಉದ್ದೇಶಿಸಲಾಗಿತ್ತು. ಅಕ್ಟೋಬರ್ 1 ವಿಶ್ವಸಂಸ್ಥೆ ಗೊತ್ತುಮಾಡಿದ ಹಿರಿಯರ ದಿನ. 2021ರಿಂದ 2030ರವರೆಗಿನ ಹತ್ತು ವರ್ಷಗಳು ಆರೋಗ್ಯಕರ ವಾರ್ಧಕ್ಯದ ದಶಕ. ಆ ದಿನ ಲಿಫ್ಟಿಲ್ಲದ ಕಟ್ಟಡದ ಎರಡನೆಯ ಮಹಡಿಗೆ ಎಪ್ಪತ್ತರ ಮಂಡಿಗಳನ್ನು ಹತ್ತಿಸಿ, ಹಿರಿಯರೇ ಸಮಾಜದ ಆಸ್ತಿ ಎಂದು ನಲವತ್ತರ ಉಪನ್ಯಾಸಕರಿಂದ ಹೇಳಿಸಿ, ಮೈಸೂರು ಪೇಟ ತೊಡಿಸಿ, ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯಿರಿ, ಸುಮ್ಮನೆ ಕೂರಬೇಡಿ, ಏನಾದರೂ ಹವ್ಯಾಸ ಬೆಳೆಸಿಕೊಳ್ಳಿ ಎಂದು ಬೋಧಿಸಲಾಗುತ್ತದೆ. ಸುಮ್ಮನೆ ಕೂರುವುದು! ಕೇಂದ್ರ ಸರ್ಕಾರದ 2024ರ ಸಮಯಬಳಕೆ ಸಮೀಕ್ಷೆಯ ಪ್ರಕಾರ, ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದರಲ್ಲಿ ದಿನಕ್ಕೆ 289 ನಿಮಿಷ ಕಳೆಯುತ್ತಾರೆ, ಗಂಡಸರು 88 ನಿಮಿಷ. ಜನಗಣತಿಯಾದರೋ ಮನೆಗೆಲಸವಷ್ಟೇ ಮಾಡುವವಳನ್ನು ಕೆಲಸ ಮಾಡದವರ ಕಾಲಮ್ಮಿಗೆ ಹಾಕುತ್ತದೆ. ಐವತ್ತು ವರ್ಷ ಎರಡು ಹೊತ್ತು ಬೇಯಿಸಿದವಳಿಗೆ ಹವ್ಯಾಸ ಬೆಳೆಸಿಕೊಳ್ಳಿ ಎನ್ನುವ ಧೈರ್ಯ ವೇದಿಕೆಯ ಮೇಲೆ ಕೂತವರಿಗೆ ಮಾತ್ರ ಬರುತ್ತದೆ.

ಇನ್ನು ಮಿತವ್ಯಯವನ್ನು ಜೀವನಮೌಲ್ಯವೆಂದು ಹೊಗಳುವವರು ಕೆಲವು ಅಂಕಿಗಳನ್ನು ಓದಿಕೊಂಡು ಬರುವುದು ಒಳ್ಳೆಯದು. ಬಡ ವೃದ್ಧರ ರಾಷ್ಟ್ರೀಯ ಪಿಂಚಣಿಯಲ್ಲಿ ಎಂಬತ್ತು ತುಂಬುವವರೆಗೆ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ. ಖಾಸಗಿ ನೌಕರಿಯಲ್ಲಿ ದುಡಿದವರ ಭವಿಷ್ಯನಿಧಿ ಪಿಂಚಣಿಯ ಕನಿಷ್ಠ ಮೊತ್ತವನ್ನು 2014ರಲ್ಲಿ 1000 ರೂಪಾಯಿಗೆ ನಿಗದಿಪಡಿಸಲಾಯಿತು. ರೈಲಿನಲ್ಲಿ ಹಿರಿಯ ಗಂಡಸರಿಗಿದ್ದ ಶೇಕಡಾ 40ರ, ಹೆಂಗಸರಿಗಿದ್ದ ಶೇಕಡಾ 50ರ ರಿಯಾಯಿತಿಯನ್ನು 2020ರ ಮಾರ್ಚಿನಲ್ಲಿ ನಿಲ್ಲಿಸಲಾಯಿತು. ಹೀರೆಕಾಯಿ ಸಿಪ್ಪೆಯ ಚಟ್ನಿ ರುಚಿಯಾಗಿರುತ್ತದೆ, ನಿಜ. ರುಚಿಗಾಗಿ ಅರೆಯುವ ಮನೆ ಯಾವುದು, ಬೇರೆ ದಾರಿಯಿಲ್ಲದೆ ಅರೆಯುವ ಮನೆ ಯಾವುದು ಎಂಬುದನ್ನು ಯಾವ ಗೋಷ್ಠಿಯೂ ವಿಂಗಡಿಸಿಲ್ಲ, ಮತ್ತು ವಿಂಗಡಣೆ ನಿಜಕ್ಕೂ ಬೇಕಾಗಿದ್ದದ್ದು ಅಲ್ಲಿ.

ಪ್ರಮೇಯಗಳ ಕ್ರಮ ಇಲ್ಲಿಗೆ ಕೆಟ್ಟಿದೆ. ಸರಿಪಡಿಸುವ ಅಗತ್ಯವೂ ಕಾಣುತ್ತಿಲ್ಲ. ಗಂಡ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿ ಪಡೆಯುವ ಹೆಂಗಸು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರಿನಲ್ಲಿ, ತಾನು ಬದುಕಿದ್ದೇನೆಂದು ರುಜುವಾತು ಮಾಡಬೇಕು. ಜೀವನ್ ಪ್ರಮಾಣ್ ಎಂಬ ಹೆಸರಿನಲ್ಲಿ ಇದು 2014ರಿಂದ ಬೆರಳಚ್ಚಿನ ಮೂಲಕವೂ ಆಗುತ್ತದೆ. ಹುಣಸೆಹಣ್ಣು ಕಿವುಚಿ, ಬೂದಿಯಲ್ಲೂ ನಾರಿನಲ್ಲೂ ಪಾತ್ರೆ ತಿಕ್ಕಿ, ಬಿಸಿ ತಪ್ಪಲೆಗಳನ್ನು ಹಿಡಿದೆತ್ತಿ ಸವೆದ ಬೆರಳುಗಳನ್ನು ಯಂತ್ರದ ಗಾಜಿನ ಮೇಲೆ ಒತ್ತಿದಾಗ, ಗೆರೆಗಳು ಹೊಂದುತ್ತಿಲ್ಲವೆಂದು ಅದು ಹೇಳುತ್ತದೆ. ಕೈ ತೊಳೆದು ಬಾ ಅಜ್ಜಿ, ಒರೆಸಿ ಒತ್ತು, ಇನ್ನೊಂದು ಬೆರಳು ಕೊಡು ಎನ್ನುತ್ತಾರೆ. ಹತ್ತೂ ಆದ ಮೇಲೆ ನಾಳೆ ಬನ್ನಿ ಎನ್ನುತ್ತಾರೆ. ದೇಶದ ಯಾವ ಕಾಲಮ್ಮಿನಲ್ಲೂ ಕೆಲಸವೆಂದು ಎಣಿಕೆಯಾಗದ ಕೆಲಸವು, ಮಾಡಿದವಳ ಗುರುತನ್ನೇ ಅಳಿಸಿ ಹಾಕುವಷ್ಟು ಮಾತ್ರ ನಿಜವಾಗಿತ್ತು. ಇದನ್ನು ವಿವರಿಸಲು ಸಂಸ್ಕೃತದಲ್ಲಿ ಪದ ಹುಡುಕುವುದು ನಾಚಿಕೆಗೇಡು.

ಬೆರಳಚ್ಚು ಹೊಂದದವರು ಮುಖಚಹರೆಯ ಮೂಲಕ ಪ್ರಮಾಣಪತ್ರ ಪಡೆಯುವ ವ್ಯವಸ್ಥೆಯು 2021ರ ನವೆಂಬರಿನಿಂದ ಜಾರಿಯಲ್ಲಿದೆ. ಅಧಿಕೃತ ಅಧಿಕಾರಿಯ ಸಹಿಯುಳ್ಳ ಕಾಗದದ ಪ್ರಮಾಣಪತ್ರವೂ ನಡೆಯುತ್ತದೆ. ಕೌಂಟರಿನಲ್ಲಿ ಕೂತವರು ಈ ಮಾತನ್ನು ಕೇಳುವ ಮೊದಲೇ ಹೇಳಬೇಕು, ಅವರು ಹೇಳದಿದ್ದರೆ ಸಾಲಿನಲ್ಲಿ ಹಿಂದೆ ನಿಂತಿರುವವರು ಹೇಳಿಕೊಡಬೇಕು.